ಪಿ53 ಟ್ಯೂಬ್‌ನಲ್ಲಿದೆ, ಜೆಲ್‌ನಲ್ಲಿ ಶಿಫ್ಟ್ ಇಲ್ಲ: ಪ್ರೋಟೀನ್ ಸತ್ತಿದೆಯಾ?

ಪ್ರಶ್ನೆ: ಸರ್, ನಾನು ಪಿಎಚ್‌ಡಿ ಎರಡನೇ ವರ್ಷ. ಲ್ಯಾಬ್‌ಗೆ ಮನುಷ್ಯರ ಪಿ53 (ಡಿಎನ್‌ಎ ಹಿಡಿದು ಬೇರೆ ಜೀನ್‌ಗಳನ್ನು ಚಾಲೂ ಮಾಡುವ, ಕ್ಯಾನ್ಸರ್ ತಡೆಯುವ ಪ್ರೋಟೀನ್) ರಿಕಾಂಬಿನೆಂಟ್ ಪ್ರೋಟೀನ್ ತರಿಸಿದೆವು. ಇ-ಕೋಲೈಯಲ್ಲಿ ಮಾಡಿದ್ದು, ಪೂರ್ತಿ ಉದ್ದದ್ದು, ಹಿಸ್ ಟ್ಯಾಗ್ ಇದೆ. 50 ಮೈಕ್ರೋಲೀಟರ್‌ನಲ್ಲಿ 10 ಮೈಕ್ರೋಗ್ರಾಂ, ಬಫರ್‌ನಲ್ಲಿ 500 ಮಿಲಿಮೋಲಾರ್ ಉಪ್ಪು. ಶುದ್ಧತೆ 90%ಗಿಂತ ಜಾಸ್ತಿ ಅಂತ ಡೇಟಾಶೀಟ್ ಹೇಳುತ್ತೆ. ಪಿ21 ಜೀನ್‌ನ ಪಿ53 ಸೈಟ್ ಇರುವ 30 ಬೇಸ್ ಜೋಡಿಯ ಬಯೋಟಿನ್ ಪ್ರೋಬ್ (ಗುರುತು ಹಚ್ಚಿದ ಡಿಎನ್‌ಎ ತುಂಡು) ಹಾಕಿ ಜೆಲ್ ಶಿಫ್ಟ್ ಮಾಡಿದೆ; ಪ್ರೋಟೀನ್ ಹಿಡಿದರೆ ಡಿಎನ್‌ಎ ಬ್ಯಾಂಡ್ ಜೆಲ್‌ನಲ್ಲಿ ಮೇಲೆ ನಿಲ್ಲಬೇಕು. 20 ಮೈಕ್ರೋಲೀಟರ್ ರಿಯಾಕ್ಷನ್, ಪ್ರೋಬ್ 1 ನ್ಯಾನೋಮೋಲಾರ್, ಕಿಟ್‌ನ ಬಫರ್ (ಲೋಹದ ಅಯಾನ್ ಹಿಡಿದುಕೊಳ್ಳುವ ಇಡಿಟಿಎ 1 ಮಿಲಿಮೋಲಾರ್ ಇದೆ), 1 ಮೈಕ್ರೋಗ್ರಾಂ ಪಾಲಿ ಡಿಐ-ಡಿಸಿ (ಬೇರೆ ಪ್ರೋಟೀನ್‌ಗಳನ್ನು ಸೆಳೆದುಕೊಳ್ಳಲು ಹಾಕುವ ಕೃತಕ ಡಿಎನ್‌ಎ), 37 ಡಿಗ್ರಿಯಲ್ಲಿ 30 ನಿಮಿಷ. 200 ನ್ಯಾನೋಗ್ರಾಂ ಪ್ರೋಟೀನ್ ಹಾಕಿದಾಗ ಏನೂ ಇಲ್ಲ. 1 ಮೈಕ್ರೋಗ್ರಾಂ ಹಾಕಿದಾಗ ವೆಲ್‌ನಲ್ಲೇ ಏನೋ ಕಪ್ಪಗೆ ನಿಂತಿದೆ, ಕೆಳಗೆ ಶಿಫ್ಟ್ ಇಲ್ಲ. ಬ್ಯಾಕ್ಟೀರಿಯಾದಲ್ಲಿ ಫಾಸ್ಫೊರಿಲೇಷನ್ (ಪ್ರೋಟೀನ್‌ಗೆ ಫಾಸ್ಫೇಟ್ ಸೇರುವುದು) ಆಗಲ್ಲವಲ್ಲ, ಅದಕ್ಕೇನಾ? ಇನ್ನೊಂದು, ಲೆಕ್ಕ ಹಾಕಿದರೆ 44 ಕಿಲೋಡಾಲ್ಟನ್ ಚಿಲ್ಲರೆ ಬರುತ್ತೆ, ಜೆಲ್‌ನಲ್ಲಿ ಬ್ಯಾಂಡ್ 53ರ ಹತ್ತಿರ ಇದೆ. ಬೇರೆ ಪ್ರೋಟೀನ್ ಕಳಿಸಿದ್ದಾರಾ? ವಾಪಸ್ ಮಾಡಲಾ, ಇಲ್ಲಾ ನಾವೇ ಮಾಡಿಕೊಳ್ಳಲಾ? ಉಳಿದದ್ದನ್ನು ಜೀವಕೋಶಗಳ ಮೇಲೆ ಹಾಕಿ ನೋಡಬಹುದಾ?

ಉತ್ತರ: ಮೊದಲು ಸಮಾಧಾನದ ಮಾತು. ಬ್ಯಾಂಡ್ ಸರಿಯಾಗಿದೆ, ಬೇರೆ ಪ್ರೋಟೀನ್ ಬಂದಿಲ್ಲ. ಪಿ53ರಲ್ಲಿ 393 ಅಮೈನೋ ಆಮ್ಲಗಳಿವೆ, ಲೆಕ್ಕದ ತೂಕ 43.7 ಕಿಲೋಡಾಲ್ಟನ್. ಆದರೆ ಅದರಲ್ಲಿ ಪ್ರೋಲಿನ್ ತುಂಬಿದ ಒಂದು ತುಂಡಿದೆ. ಅದರಿಂದಾಗಿ ಎಸ್‌ಡಿಎಸ್ ಜೆಲ್‌ನಲ್ಲಿ ನಿಧಾನವಾಗಿ ಓಡುತ್ತದೆ, 53ರ ಹತ್ತಿರ ನಿಲ್ಲುತ್ತದೆ. 1979ರಲ್ಲಿ ಎಸ್‌ವಿ40 ವೈರಸ್‌ನ ಟಿ ಆಂಟಿಜೆನ್‌ಗೆ ಅಂಟಿಕೊಂಡು ಬಂದ ಈ ಪ್ರೋಟೀನನ್ನು ಕಂಡವರು ಜೆಲ್ ನೋಡಿಯೇ ಹೆಸರಿಟ್ಟರು. ತೂಕ ತಪ್ಪು ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಅದಿರಲಿ, ಮೊದಲ ಹತ್ತು ವರ್ಷ ಇದನ್ನು ಕ್ಯಾನ್ಸರ್ ತರುವ ಜೀನ್ ಅಂತಲೇ ಓದುತ್ತಿದ್ದರು. 1989ರ ಹೊತ್ತಿಗೆ, ಇಲ್ಲ, ಇದು ಕ್ಯಾನ್ಸರ್ ತಡೆಯುವ ಜೀನ್, ಮೊದಲು ಬಳಸಿದ ಕೆಲವು ಕ್ಲೋನ್‌ಗಳೇ ಮ್ಯೂಟೆಂಟ್ ಆಗಿದ್ದವು ಅಂತ ಹೊರಬಿತ್ತು. ಟ್ಯೂಬ್‌ನಲ್ಲಿರುವುದು ಏನು ಅಂತ ಸರಿಯಾಗಿ ತಿಳಿಯದೆ ಎಡವಿದವರು ನೀವೊಬ್ಬರೇ ಅಲ್ಲ, ದೊಡ್ಡ ದೊಡ್ಡವರೂ ಎಡವಿದ್ದಾರೆ.

ಈಗ ಸಂಗತಿಗೆ ಬರೋಣ. ನೀವು ಬರೆದಿರುವುದನ್ನು ಎರಡು ಸಲ ಓದಿದೆ. ಪ್ರೋಟೀನ್ ಟ್ಯೂಬ್‌ನಲ್ಲೇ ಸತ್ತು ಬಂದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬದುಕಿ ಬಂದಿದ್ದರೂ ನಿಮ್ಮ ರಿಯಾಕ್ಷನ್ ಅದನ್ನು ಕೊಂದಿರುತ್ತಿತ್ತು. 37 ಡಿಗ್ರಿ, ಇಡಿಟಿಎ, ಅತಿಯಾದ ಪಾಲಿ ಡಿಐ-ಡಿಸಿ. ಮೂರರಲ್ಲಿ ಯಾವುದಾದರೂ ಎರಡು ಸೇರಿದರೂ ಶಿಫ್ಟ್ ಕಾಣೆಯಾಗುತ್ತದೆ, ನೀವು ಮೂರನ್ನೂ ಸೇರಿಸಿದ್ದೀರಿ. ಕಿಟ್ ಮಾಡಿದವರ ತಪ್ಪೂ ಅಲ್ಲ. ಕಿಟ್‌ನ ಬಫರ್ ಎಲ್ಲ ಪ್ರೋಟೀನ್‌ಗೂ ನಡೆಯಲಿ ಅಂತ ಮಾಡಿದ್ದು, ಪಿ53ಗೆ ಮಾತ್ರ ಆಗಿಬರುವುದಿಲ್ಲ.

ಡೇಟಾಶೀಟ್‌ನಲ್ಲಿ ಶುದ್ಧತೆ 90% ಅಂತ ಇದೆಯಲ್ಲ, ಅದು ಏನನ್ನು ಹೇಳುತ್ತದೆ? ಪ್ರೋಟೀನನ್ನು ಎಸ್‌ಡಿಎಸ್ ಹಾಕಿ ಕುದಿಸಿ, ಆಕಾರವನ್ನೆಲ್ಲ ಬಿಚ್ಚಿ, ಜೆಲ್‌ನಲ್ಲಿ ಓಡಿಸಿದಾಗ ಬಣ್ಣ ಹಿಡಿದದ್ದರಲ್ಲಿ 90% ಒಂದೇ ಬ್ಯಾಂಡ್‌ನಲ್ಲಿದೆ ಅಂತ. ಅಷ್ಟೇ. ಕುದಿಸುವ ಮುಂಚೆ ಅದು ಸರಿಯಾಗಿ ಮಡಿಚಿಕೊಂಡಿತ್ತಾ, ಮುದ್ದೆಯಾಗಿತ್ತಾ ಅನ್ನುವುದು ಅಲ್ಲಿ ಗೊತ್ತಾಗುವುದೇ ಇಲ್ಲ. ವೆಸ್ಟರ್ನ್ ಕೂಡ ಹಾಗೇ. ಆಂಟಿಬಾಡಿ ಹಿಡಿಯಿತು ಅಂದರೆ ಪಿ53 ಇದೆ ಅಂತ ಅರ್ಥವೇ ಹೊರತು ಅದು ಕೆಲಸ ಮಾಡುತ್ತದೆ ಅಂತಲ್ಲ. ಅದಕ್ಕೇ ಡೇಟಾಶೀಟ್‌ನಲ್ಲಿ ಶುದ್ಧತೆಯ ಸಾಲಿಗಿಂತ ಮೊದಲು 'ಬಳಕೆ' ಅನ್ನುವ ಸಾಲು ನೋಡಿ. ಅಲ್ಲಿ ಎಲೈಸಾ, ವೆಸ್ಟರ್ನ್, ಆಂಟಿಜೆನ್ ಅಂತ ಮಾತ್ರ ಬರೆದಿದ್ದರೆ, ಮಾರುವವರು ಅದರ ಡಿಎನ್‌ಎ ಹಿಡಿತದ ಬಗ್ಗೆ ಯಾವ ಮಾತೂ ಕೊಟ್ಟಿಲ್ಲ ಅಂತಲೇ ತಿಳಿಯಿರಿ. ಗೋಧಿ ಮೊಳಕೆಯ ಸಾರದಲ್ಲಿ ಮಾಡಿ ಜಿಎಸ್‌ಟಿ ಅನ್ನುವ ಪ್ರೋಟೀನನ್ನು ಟ್ಯಾಗ್ ಆಗಿ ಹಚ್ಚಿ ಮಾರುವ ಎಷ್ಟೋ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು (ಪಿ53ಯಂತೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್‌ಗಳು) ಈ ಜಾತಿಯವು. ಆ ಕೆಲಸಕ್ಕೆ ಅವು ಚೆನ್ನಾಗಿಯೇ ಇರುತ್ತವೆ. ನಾವು ಹೋಗಿ ಅವುಗಳಿಂದ ಬೇರೆ ಕೆಲಸ ಬಯಸುತ್ತೇವೆ, ಆಮೇಲೆ ಬೈಯುತ್ತೇವೆ.

ಪಿ53 ಯಾಕಿಷ್ಟು ನಾಜೂಕು ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಇದಕ್ಕೆ ತಲೆ, ನಡು, ಬಾಲ ಅಂತ ಇಟ್ಟುಕೊಳ್ಳಿ. ತಲೆಯ ಭಾಗ ಸಡಿಲ, ಅದಕ್ಕೊಂದು ಖಚಿತ ಆಕಾರವಿಲ್ಲ. ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಕೆಲಸ ಅದರದ್ದು, ಪಿ53ಯನ್ನು ಒಡೆಸುವ ಎಂಡಿಎಂ2 ಅನ್ನುವ ಪ್ರೋಟೀನ್ ಬಂದು ಹಿಡಿಯುವುದೂ ಅಲ್ಲೇ. ನಡುವಿನಲ್ಲಿ, ಸುಮಾರು 94ರಿಂದ 312ರವರೆಗೆ, ಡಿಎನ್‌ಎ ಹಿಡಿಯುವ ಭಾಗ. ಅದರಾಚೆ 325ರಿಂದ 356ರ ಆಸುಪಾಸಿನಲ್ಲಿ ನಾಲ್ಕು ಪಿ53ಗಳು ಒಂದಕ್ಕೊಂದು ಕೈ ಹಿಡಿದುಕೊಳ್ಳುವ ಜಾಗ. ಯಾಕೆಂದರೆ ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಸೇರಿಯೇ ಡಿಎನ್‌ಎ ಮೇಲೆ ಕೂರುತ್ತದೆ. ಕೊನೆಯ ಮೂವತ್ತು ಅಮೈನೋ ಆಮ್ಲಗಳು ಬಾಲ. ಅದರಲ್ಲಿ ಲೈಸಿನ್ ಜಾಸ್ತಿ, ಧನ ಚಾರ್ಜ್ ಜಾಸ್ತಿ, ಹಾಗಾಗಿ ಯಾವ ಡಿಎನ್‌ಎ ಸಿಕ್ಕಿದರೂ ಅಂಟಿಕೊಳ್ಳುತ್ತದೆ.

ನಡುವಿನ ಭಾಗದಲ್ಲಿ ಒಂದೇ ಒಂದು ಝಿಂಕ್ ಅಯಾನ್ ಇದೆ. 176, 238, 242ರ ಸಿಸ್ಟೀನ್‌ಗಳು, 179ರ ಹಿಸ್ಟಿಡಿನ್, ಈ ನಾಲ್ಕು ಸೇರಿ ಅದನ್ನು ಹಿಡಿದಿವೆ. ಡಿಎನ್‌ಎ ಮುಟ್ಟುವ ಸುರುಳಿಗಳು ಅಲುಗಾಡದೆ ನಿಲ್ಲುವುದು ಈ ಝಿಂಕ್‌ನಿಂದ. ಅದು ಹೋದರೆ ಪಿ53 ಪೂರ್ತಿ ಕರಗಿಹೋಗುವುದಿಲ್ಲ, ಆದರೆ ತನ್ನ ಸೈಟ್ ಯಾವುದು, ಬೇರೆ ಡಿಎನ್‌ಎ ಯಾವುದು ಅನ್ನುವ ವ್ಯತ್ಯಾಸ ಮರೆಯುತ್ತದೆ. ಆಮೇಲೆ ನಿಧಾನವಾಗಿ ಮುದ್ದೆ ಕಟ್ಟುತ್ತದೆ.

ಈಗ ನಿಮ್ಮ ಇಡಿಟಿಎ ನೋಡಿ. 1 ಮೈಕ್ರೋಗ್ರಾಂ ಪ್ರೋಟೀನ್ 20 ಮೈಕ್ರೋಲೀಟರ್‌ನಲ್ಲಿ ಅಂದರೆ ಸುಮಾರು 1.1 ಮೈಕ್ರೋಮೋಲಾರ್ ಪಿ53, ಅಷ್ಟೇ ಝಿಂಕ್. ಇಡಿಟಿಎ 1 ಮಿಲಿಮೋಲಾರ್. ಒಂದು ಝಿಂಕ್ ಸುತ್ತ ಹತ್ತಿರ ಹತ್ತಿರ 900 ಇಡಿಟಿಎ ಬಾಯಿ ತೆರೆದು ನಿಂತಿವೆ! ಬಫರ್‌ನಲ್ಲಿ ಮೆಗ್ನೀಷಿಯಂ ಇದೆಯಲ್ಲ, ಇಡಿಟಿಎ ಅದನ್ನು ಹಿಡಿದುಕೊಂಡು ಸುಮ್ಮನಿರುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಸುಮ್ಮನಿರುವುದಿಲ್ಲ. ಇಡಿಟಿಎಗೆ ಮೆಗ್ನೀಷಿಯಂಗಿಂತ ಝಿಂಕ್ ಮೇಲಿನ ಹಿಡಿತ ಕೋಟಿ ಪಟ್ಟಿಗೂ ಮೀರಿದ್ದು, ಝಿಂಕ್ ಕಂಡರೆ ಮೆಗ್ನೀಷಿಯಂ ಬಿಟ್ಟು ಓಡುತ್ತದೆ. ಐಸ್ ಮೇಲೆ ಇದು ನಿಧಾನ, 37 ಡಿಗ್ರಿಯಲ್ಲಿ ಬೇಗ. ಹಾಗಂತ ನೀವು ಹೋಗಿ ಟ್ಯೂಬ್‌ಗೆ ಒಂದಿಷ್ಟು ಝಿಂಕ್ ಕ್ಲೋರೈಡ್ ಸುರಿದುಬಿಡಬೇಡಿ. ಝಿಂಕ್ ಜಾಸ್ತಿಯಾದರೂ ಪಿ53 ತಪ್ಪಾಗಿ ಮಡಿಚಿಕೊಂಡು ಮುದ್ದೆಯಾಗುತ್ತದೆ. ಇಡಿಟಿಎ ಬಿಡಿ, ಅಷ್ಟು ಸಾಕು. ಪ್ರೋಬ್ ಕರಗಿಸಲು ಟಿಇ (ಟ್ರಿಸ್ ಜೊತೆ ಇಡಿಟಿಎ ಇರುವ ಬಫರ್) ಬಳಸಿದ್ದರೆ ಅದನ್ನೂ ಬಿಟ್ಟು ಟ್ರಿಸ್‌ನಲ್ಲಿ ಕರಗಿಸಿ.

ಇನ್ನು 37 ಡಿಗ್ರಿ. ಮನುಷ್ಯರ ಪ್ರೋಟೀನ್ ಅಂದಮೇಲೆ ಮೈಯ ಬಿಸಿಯಲ್ಲೇ ಇಡಬೇಕಲ್ಲವಾ ಅಂತ ನೀವು ಯೋಚಿಸಿರುತ್ತೀರಿ. ನಾನೂ ಹಾಗೇ ಯೋಚಿಸಿದ್ದೆ, ಎಲ್ಲರೂ ಹಾಗೇ ಯೋಚಿಸುತ್ತಾರೆ. ಆದರೆ ಪಿ53ರ ಡಿಎನ್‌ಎ ಹಿಡಿಯುವ ಭಾಗ 42–44 ಡಿಗ್ರಿಯ ಸುಮಾರಿಗೇ ಬಿಚ್ಚಿಹೋಗುವಂಥದ್ದು. ಆ ಭಾಗವನ್ನು ಒಂಟಿಯಾಗಿ 37 ಡಿಗ್ರಿಯಲ್ಲಿಟ್ಟು ಅಳೆದಾಗ, ಸುಮಾರು 9 ನಿಮಿಷಕ್ಕೆ ಅರ್ಧ ಬಿಚ್ಚಿಕೊಂಡಿರುತ್ತದೆ. ಹಾಗಾದರೆ 30 ನಿಮಿಷದಲ್ಲಿ? ಹತ್ತರಲ್ಲಿ ಒಂದು ಪಾಲು ಉಳಿದರೆ ಪುಣ್ಯ. ಡಿಎನ್‌ಎ ಹಿಡಿದುಕೊಂಡಿದ್ದರೆ ಸ್ವಲ್ಪ ಗಟ್ಟಿಯಾಗಿರುತ್ತದೆ ನಿಜ, ಆದರೆ ನಿಮ್ಮ ಟ್ಯೂಬ್‌ನಲ್ಲಿ ಹಿಡಿದುಕೊಳ್ಳಲು ಸಿಕ್ಕ ಸರಿಯಾದ ಡಿಎನ್‌ಎ 1 ನ್ಯಾನೋಮೋಲಾರ್ ಮಾತ್ರ. ಹಾಗಾದರೆ ಮೈಯೊಳಗೆ ಹೇಗೆ ನಡೆಯುತ್ತೆ ಅಂತ ಕೇಳಬಹುದು. ಜೀವಕೋಶದಲ್ಲಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಅಂತ ಕಾಯುವವರಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಜೀವಕೋಶಕ್ಕೆ ಪಿ53 ಜಾಸ್ತಿ ಹೊತ್ತು ಬದುಕುವುದೇ ಬೇಕಿಲ್ಲ. ಹೊಸದಾಗಿ ಮಾಡುತ್ತಾ ಇರುತ್ತದೆ, ಎಂಡಿಎಂ2 ಕೈಲಿ ಒಡೆಸುತ್ತಾ ಇರುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಪಿ53ರ ಅರ್ಧಾಯುಷ್ಯ ಸುಮಾರು 20 ನಿಮಿಷ. ನಿಮ್ಮ ಟ್ಯೂಬ್‌ನಲ್ಲಿ ಹೊಸದಾಗಿ ಮಾಡುವವರು ಯಾರೂ ಇಲ್ಲವಲ್ಲ.

ಇಲ್ಲೊಂದು ಸಣ್ಣ ಸಂಗತಿ ಹೇಳಲೇಬೇಕು. ನಮ್ಮ ಲ್ಯಾಬ್‌ನಲ್ಲಿ ಒಬ್ಬ ಹುಡುಗನ ಜೆಲ್‌ನಲ್ಲಿ ಶಿಫ್ಟ್ ಬರುತ್ತಿತ್ತು, ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಅದೇ ಬ್ಯಾಚ್, ಅದೇ ಬಫರ್, ಅದೇ ಪ್ರೋಬ್. ಎರಡು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತು ನೋಡಿದೆ. ಮೈನಸ್ 80ರಿಂದ ಟ್ಯೂಬ್ ತೆಗೆದವನು ಅದನ್ನು ಮುಷ್ಟಿಯಲ್ಲಿ ಹಿಡಿದು, ಚಳಿಗಾಲದಲ್ಲಿ ಅಂಗೈ ಉಜ್ಜುತ್ತೇವಲ್ಲ ಹಾಗೆ ಉಜ್ಜಿ ಕರಗಿಸುತ್ತಿದ್ದ. 5 ಮೈಕ್ರೋಲೀಟರ್ ದ್ರವ, ಅಂಗೈಯ ಬಿಸಿ, ಐಸ್ ಮೇಲಿನಷ್ಟು ಹೊತ್ತು ಬೇಕಿಲ್ಲ, ಅರ್ಧ ನಿಮಿಷಕ್ಕೆ ಕರಗುತ್ತದೆ ಅಂತ ಅವನ ಲೆಕ್ಕ. ಕರಗಿದ ಮೇಲೂ ಮಾತಾಡುತ್ತಾ ಕೈಯಲ್ಲೇ ಹಿಡಿದು ನಿಂತಿದ್ದ! ಐಸ್ ಮೇಲಿಟ್ಟು ಕರಗಿಸು ಅಂದೆ, ಮರುದಿನ ಶಿಫ್ಟ್ ಬಂತು. ನೀವು ಹೇಗೆ ಕರಗಿಸಿದಿರಿ ಅಂತ ಬರೆದಿಲ್ಲ. ಒಮ್ಮೆ ನೆನಪು ಮಾಡಿಕೊಳ್ಳಿ. ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಿರಿ ಅನ್ನುವುದನ್ನೂ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬಾರದು. ಟ್ಯೂಬ್ ಬಂದ ದಿನವೇ 5 ಮೈಕ್ರೋಲೀಟರ್‌ನಂತೆ ಹಂಚಿ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಿ ಇಟ್ಟುಬಿಡಬೇಕು.

ಮೂರನೆಯದು ಪಾಲಿ ಡಿಐ-ಡಿಸಿ. ಜೀವಕೋಶದ ಸಾರ ಹಾಕುವಾಗ ಇದು ಬೇಕೇ ಬೇಕು, ಅದರಲ್ಲಿ ಡಿಎನ್‌ಎಗೆ ಅಂಟುವ ನೂರಾರು ಪ್ರೋಟೀನ್ ಇರುತ್ತವೆ, ಅವಕ್ಕೆಲ್ಲ ಏನಾದರೂ ಹಿಡಿದುಕೊಳ್ಳಲು ಕೊಡಬೇಕು. ನಿಮ್ಮ ಟ್ಯೂಬ್‌ನಲ್ಲಿರುವುದು ಒಂದೇ ಪ್ರೋಟೀನ್. ನಿಮ್ಮ ಪ್ರೋಬ್ ತೂಕದಲ್ಲಿ ಸುಮಾರು 0.4 ನ್ಯಾನೋಗ್ರಾಂ, ಪಾಲಿ ಡಿಐ-ಡಿಸಿ 1,000 ನ್ಯಾನೋಗ್ರಾಂ. ಎರಡೂವರೆ ಸಾವಿರ ಪಟ್ಟು! ಪಿ53ರ ಬಾಲ ಯಾವ ಡಿಎನ್‌ಎ ಆದರೂ ಸರಿ ಅನ್ನುವಂಥದ್ದು ಅಂತ ಆಗಲೇ ಹೇಳಿದೆನಲ್ಲ, ಅದು ಹೋಗಿ ಅಲ್ಲೇ ಕೂರುತ್ತದೆ. 50 ನ್ಯಾನೋಗ್ರಾಂನಿಂದ ಶುರು ಮಾಡಿ, ಬೇಕಾದರೆ 100ಕ್ಕೆ ಏರಿಸಿ.

ಉಪ್ಪಿನ ಕಡೆಗೂ ಒಂದು ನೋಟ. 1 ಮೈಕ್ರೋಗ್ರಾಂ ಅಂದರೆ ನೀವು 5 ಮೈಕ್ರೋಲೀಟರ್ ಹಾಕಿದಿರಿ. 500 ಮಿಲಿಮೋಲಾರ್ ಉಪ್ಪಿನ ನಾಲ್ಕನೇ ಒಂದು ಭಾಗ, 125. ಅದರ ಮೇಲೆ ಕಿಟ್ ಬಫರ್‌ನ ಉಪ್ಪು ಬೇರೆ. ಪಿ53 ತನ್ನ ಸೈಟನ್ನು ಅಷ್ಟು ಉಪ್ಪಿನಲ್ಲೂ ಹಿಡಿಯಬಲ್ಲದು, ಹಾಗಾಗಿ ನಿಮ್ಮ ತೊಂದರೆಗೆ ಇದೇ ಕಾರಣ ಅಂತ ನನಗನ್ನಿಸುವುದಿಲ್ಲ. ಆದರೆ 200 ನ್ಯಾನೋಗ್ರಾಂ ಲೇನ್‌ನಲ್ಲಿ ಒಂದು ಉಪ್ಪು, 1 ಮೈಕ್ರೋಗ್ರಾಂ ಲೇನ್‌ನಲ್ಲಿ ಇನ್ನೊಂದು ಉಪ್ಪು ಇದ್ದರೆ ಎರಡನ್ನು ಹೋಲಿಸುವುದು ಹೇಗೆ? ಎಲ್ಲ ಲೇನ್‌ಗೂ ಅದೇ ಬಫರ್ ಸೇರಿಸಿ ಸಮ ಮಾಡಿ. ಪ್ರೋಟೀನ್ ತೆಳು ಮಾಡುವಾಗ 0.1 ಮಿಲಿಗ್ರಾಂ/ಮಿಲಿಲೀಟರ್ ಬಿಎಸ್ಎ ಇರಲಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡೇ ಅರ್ಧ ಖಾಲಿಯಾಗುತ್ತದೆ.

ವೆಲ್‌ನಲ್ಲಿ ಕಪ್ಪಗೆ ನಿಂತದ್ದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮುದ್ದೆ. ಬಿಚ್ಚಿಹೋದ ಪಿ53 ಒಂದಕ್ಕೊಂದು ಅಂಟಿ, ಜೊತೆಗೆ ಪ್ರೋಬನ್ನೂ ಸುತ್ತಿಕೊಂಡು ಕೂತಿದೆ, ಜೆಲ್‌ನ ರಂಧ್ರದಲ್ಲಿ ತೂರುವುದಿಲ್ಲ. ಅದನ್ನು ಶಿಫ್ಟ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಸುಲಭ ಪರೀಕ್ಷೆ ಇದೆ. ಹಂಚಿಟ್ಟ ಹೊಸ ಪಾಲೊಂದನ್ನು (ಅಲಿಕ್ವಾಟ್) ಐಸ್ ಮೇಲೆ ಕರಗಿಸಿ, 4 ಡಿಗ್ರಿಯಲ್ಲಿ 14,000 ಜಿ, ಹತ್ತು ನಿಮಿಷ ತಿರುಗಿಸಿ. ಮೇಲಿನದ್ದನ್ನೂ ತಳದ್ದನ್ನೂ ಬೇರೆ ಬೇರೆಯಾಗಿ ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಿ. ತಳದಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದರೆ ಪ್ರೋಟೀನ್ ರಿಯಾಕ್ಷನ್‌ಗೆ ಹಾಕುವ ಮುಂಚೆಯೇ ಕೆಟ್ಟಿದೆ. ಆಗ ಮಾತ್ರ ಮಾರಿದವರಿಗೆ ಬರೆಯಿರಿ.

ಈಗ ಫಾಸ್ಫೊರಿಲೇಷನ್. ಇದು ಹಳೇ ಜಗಳ. 1992ರಲ್ಲಿ ಟೆಡ್ ಹಪ್, ಡೇವಿಡ್ ಲೇನ್ ಮತ್ತವರ ಜೊತೆಗಾರರು ಬ್ಯಾಕ್ಟೀರಿಯಾದಲ್ಲಿ ಮಾಡಿದ ಪಿ53 ಡಿಎನ್‌ಎ ಹಿಡಿಯಲು ಹಿಂದೇಟು ಹಾಕುತ್ತದೆ, ಬಾಲಕ್ಕೆ ಪಿಎಬಿ421 ಆಂಟಿಬಾಡಿ ಕಟ್ಟಿದರೆ ಅಥವಾ ಬಾಲಕ್ಕೆ ಫಾಸ್ಫೇಟ್ ಸೇರಿಸಿದರೆ ಅಥವಾ ಬಾಲವನ್ನೇ ಕತ್ತರಿಸಿದರೆ ಚುರುಕಾಗುತ್ತದೆ ಅಂತ ತೋರಿಸಿದರು. ಅದರಿಂದ ಬಾಲ ಒಂದು ಬೀಗ ಅನ್ನುವ ಮಾತು ಹುಟ್ಟಿತು. ಆಮೇಲೆ ಬೇರೆಯವರು ಉದ್ದದ ಡಿಎನ್‌ಎ, ಕ್ರೊಮ್ಯಾಟಿನ್ (ಕೋಶದಲ್ಲಿರುವಂತೆ ಪ್ರೋಟೀನ್‌ಗೆ ಸುತ್ತಿದ ಡಿಎನ್‌ಎ) ಇಟ್ಟು ನೋಡಿದಾಗ ಅದೇ ಬಾಲ ಪಿ53ಗೆ ಸಹಾಯ ಮಾಡುವುದು ಕಂಡಿತು, ಡಿಎನ್‌ಎ ಉದ್ದಕ್ಕೂ ಜಾರಿಕೊಂಡು ಸೈಟ್ ಹುಡುಕಲು. ಚಿಕ್ಕ ಪ್ರೋಬ್, ರಾಶಿ ಪಾಲಿ ಡಿಐ-ಡಿಸಿ ಇದ್ದಾಗ ಬಾಲ ಅಡ್ಡಗಾಲು ಹಾಕುತ್ತದೆ ಅನ್ನುವುದು ಹೆಚ್ಚು ಸರಿ. ಅಂದರೆ ಫಾಸ್ಫೇಟ್ ಇಲ್ಲದ ಪಿ53 ಕೂಡ ನಿಮ್ಮ ಪಿ21 ಸೈಟ್ ಹಿಡಿಯಲೇಬೇಕು. ಕಡಿಮೆ ಹಿಡಿಯಬಹುದು, ಆದರೆ ಸೊನ್ನೆ ಅಲ್ಲ. ಕೋಶದೊಳಗೆ ಕೈ ಜೋಡಿಸುವ ಬೇರೆ ಪ್ರೋಟೀನ್‌ಗಳೂ ಇವೆ ಅನ್ನಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ತಪಸ್ ಕುಂಡು ಅವರ ತಂಡ ಪಿಸಿ4 ಅನ್ನುವ ಪ್ರೋಟೀನ್ ಪಿ53 ಜತೆ ಸೇರಿ ಅದರ ಡಿಎನ್‌ಎ ಹಿಡಿತ ಹೆಚ್ಚಿಸುತ್ತದೆ ಅಂತ ತೋರಿಸಿದೆ. ಅದೆಲ್ಲ ಬೇಕಾಗುವುದು ಹಿಡಿತ ಬಂದ ಮೇಲೆ.

ಹಾಗಾಗಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. 20 ಮಿಲಿಮೋಲಾರ್ ಹೆಪೆಸ್ ಪಿಎಚ್ 7.5, 50ರಿಂದ 100 ಮಿಲಿಮೋಲಾರ್ ಉಪ್ಪು, 10% ಗ್ಲಿಸರಾಲ್, 1 ಮಿಲಿಮೋಲಾರ್ ಡಿಟಿಟಿ, ಬಿಎಸ್ಎ, ಇಡಿಟಿಎ ಇಲ್ಲ. ಪ್ರೋಬ್, ಪಾಲಿ ಡಿಐ-ಡಿಸಿ ಮೊದಲು, ಪ್ರೋಟೀನ್ ಕೊನೆಗೆ. ಐಸ್ ಮೇಲೆ 30 ನಿಮಿಷ. 4% ನೇಟಿವ್ ಜೆಲ್, ಕೋಲ್ಡ್ ರೂಮ್‌ನಲ್ಲಿ, ಮುಂಚೆಯೇ ಅರ್ಧ ಗಂಟೆ ಖಾಲಿ ಓಡಿಸಿ. ಒಂದು ಲೇನ್‌ಗೆ ಪಿಎಬಿ421 ಹಾಕಿ. ಒಂದೇ ಕಲ್ಲಿಗೆ ಎರಡು ಹಕ್ಕಿ ಅದು. ಪಿ53 ಇದ್ದರೆ ಬ್ಯಾಂಡ್ ಇನ್ನೂ ಮೇಲಕ್ಕೆ ಹೋಗುತ್ತದೆ, ಜೊತೆಗೆ ಚಿಕ್ಕ ಪ್ರೋಬ್ ಮೇಲೆ ಹಿಡಿತವೂ ಜಾಸ್ತಿಯಾಗುತ್ತದೆ. ಎಷ್ಟೋ ಸಲ ಮೊದಲು ಕಾಣುವುದು ಆ ಲೇನ್‌ನಲ್ಲೇ.

ಪ್ರೋಬ್ ಬಗ್ಗೆ ಒಂದು ಮಾತು. ಪಿ53ರ ಸೈಟ್ ಅಂದರೆ ಹತ್ತು ಹತ್ತು ಬೇಸ್‌ಗಳ ಎರಡು ಅರ್ಧಗಳು, ಎರಡರ ನಡುವೆ 0ರಿಂದ 13 ಬೇಸ್‌ವರೆಗೆ ಅಂತರ ಇರಬಹುದು. ಪ್ರತಿ ಅರ್ಧದ ಎದೆಯಲ್ಲಿ ಒಂದು ಸಿ, ಎರಡು ಎ ಅಥವಾ ಟಿ, ಒಂದು ಜಿ. ನಿಮ್ಮ ಪಿ21 ಸೈಟ್‌ನಲ್ಲಿ ಎರಡೂ ಕಡೆ ಸಿ-ಎ-ಟಿ-ಜಿ ಇದೆ, ನಡುವೆ ಅಂತರವೇ ಇಲ್ಲ, ತುಂಬಾ ಒಳ್ಳೆಯ ಸೈಟ್. ಕಂಟ್ರೋಲ್‌ಗೆ ಆ ಸಿ ಮತ್ತು ಜಿ ಮಾತ್ರ ಎರಡು ಅರ್ಧದಲ್ಲೂ ಬದಲಿಸಿದ ಪ್ರೋಬ್ ಮಾಡಿಸಿ. ಹಿಡಿತ ಹೋಗಬೇಕು. ಬಯೋಟಿನ್ ಇಲ್ಲದ ಅದೇ ಪ್ರೋಬನ್ನು ನೂರು ಪಟ್ಟು ಹಾಕಿದಾಗ ಬ್ಯಾಂಡ್ ಮಾಯವಾಗಬೇಕು, ಕೆಡಿಸಿದ ಪ್ರೋಬ್ ನೂರು ಪಟ್ಟು ಹಾಕಿದರೆ ಮಾಯವಾಗಬಾರದು. ದುಡ್ಡಿದ್ದರೆ ಆರ್273ಎಚ್ ಮ್ಯೂಟೆಂಟ್ ತರಿಸಿ. 273ರ ಆರ್ಜಿನಿನ್ ನೇರವಾಗಿ ಡಿಎನ್‌ಎ ಮುಟ್ಟುವಂಥದ್ದು, ಅದು ಹೋದರೂ ಪ್ರೋಟೀನಿನ ಮಡಿಕೆ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಆರ್175ಎಚ್ ಕೊಳ್ಳಬೇಡಿ, ಅದರಲ್ಲಿ ಝಿಂಕ್ ಇರುವ ಜಾಗವೇ ಕುಸಿದಿರುತ್ತದೆ, ಮಡಿಕೆ ಕೆಟ್ಟು ಹಿಡಿಯಲಿಲ್ಲವೋ ಬೇರೆ ಕಾರಣಕ್ಕೋ ಅಂತ ಗೊಂದಲ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಲ್ಲಿ ಈ ಜೀನ್ ಕೆಟ್ಟಿರುತ್ತದೆ, ಅಲ್ಲಿ ಮತ್ತೆ ಮತ್ತೆ ಕಾಣುವ ಜಾಗಗಳಲ್ಲಿ ಈ ಎರಡೂ ಸೇರಿವೆ.

ಶಿಫ್ಟ್ ಬಂದ ಮೇಲೆ ನೀವು ಮಾಡಲೇಬೇಕಾದ, ಆದರೆ ಹತ್ತರಲ್ಲಿ ಒಂಬತ್ತು ಲ್ಯಾಬ್ ಮಾಡದ ಕೆಲಸ ಒಂದಿದೆ ಅಂತ ನನ್ನ ಅನುಭವ. ಟ್ಯೂಬ್‌ನಲ್ಲಿರುವ ಪಿ53ರಲ್ಲಿ ಎಷ್ಟು ಪಾಲು ಬದುಕಿದೆ ಅಂತ ಅಳೆಯುವುದು. ಪಿ21 ಸೈಟ್‌ಗೆ ಪಿ53ರ ಹಿಡಿತ ಕೆಲವು ನ್ಯಾನೋಮೋಲಾರ್ ಮಟ್ಟದ್ದು. ಅದಕ್ಕಿಂತ ತುಂಬಾ ಮೇಲೆ, ಉದಾಹರಣೆಗೆ 200 ನ್ಯಾನೋಮೋಲಾರ್ ಪ್ರೋಬ್ ಇಡಿ. ಲೇಬಲ್ ಇಲ್ಲದ್ದು ಬಹುಪಾಲು, ಲೇಬಲ್ ಇರುವುದು ಚೂರು. ಪಾಲಿ ಡಿಐ-ಡಿಸಿ ಬೇಡ. ಅಷ್ಟು ಡಿಎನ್‌ಎ ಇದ್ದಾಗ ಬದುಕಿರುವ ಪಿ53 ಎಲ್ಲವೂ ಹೋಗಿ ಕೂರುತ್ತದೆ, ಖಾಲಿ ತಿರುಗುವುದಿಲ್ಲ. ಈಗ ಪ್ರೋಟೀನ್ ಏರಿಸುತ್ತಾ ಹೋಗಿ. 20 ಮೈಕ್ರೋಲೀಟರ್‌ನಲ್ಲಿ 200 ನ್ಯಾನೋಮೋಲಾರ್ ಅಂದರೆ 4 ಪಿಕೋಮೋಲ್ ಡಿಎನ್‌ಎ. ಒಂದಕ್ಕೆ ನಾಲ್ಕು ಪಿ53 ಬೇಕು, 16 ಪಿಕೋಮೋಲ್, ಅಂದರೆ ಸುಮಾರು 0.7 ಮೈಕ್ರೋಗ್ರಾಂ. ಪ್ರೋಟೀನ್ ನೂರಕ್ಕೆ ನೂರು ಬದುಕಿದ್ದರೆ ಇಷ್ಟಕ್ಕೇ ಪ್ರೋಬ್ ಪೂರ್ತಿ ಮೇಲೆ ಹೋಗಬೇಕು. 2.8 ಮೈಕ್ರೋಗ್ರಾಂ ಹಾಕಿದ ಮೇಲೆ ಹೋಯಿತು ಅಂದರೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಬದುಕಿದೆ. ನಿಮ್ಮ 10 ಮೈಕ್ರೋಗ್ರಾಂನಲ್ಲಿ ಇದನ್ನು ಸರಿಯಾಗಿ ಒಂದು ಸಲ ಮಾಡಬಹುದು, ದುಬಾರಿ ಅನ್ನಿಸುತ್ತದೆ, ಗೊತ್ತು. ಆದರೆ ಈ ಅಂಕಿ ಇಲ್ಲದೆ ನೀವು ಆಮೇಲೆ ಬರೆಯುವ ಪ್ರತಿ ಹಿಡಿತದ ಲೆಕ್ಕವೂ ನಾಲ್ಕು ಪಟ್ಟು ತಪ್ಪಿರಬಹುದು. ಎರಡು ಬ್ಯಾಚ್ ಹೋಲಿಸಿ 'ಔಷಧ ಹಾಕಿದಾಗ ಹಿಡಿತ ಕಡಿಮೆಯಾಯಿತು' ಅಂತ ಬರೆದು, ಆಮೇಲೆ ನೋಡಿದರೆ ಎರಡನೇ ಬ್ಯಾಚೇ ಅರ್ಧ ಸತ್ತಿತ್ತು ಅನ್ನುವ ಕಥೆ ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.

ನೀವೇ ಮಾಡಿಕೊಳ್ಳುವುದಾ? ಎರಡು ವರ್ಷ ಇದೇ ಕೆಲಸ ಅಂತಿದ್ದರೆ ಖಂಡಿತ ಮಾಡಿಕೊಳ್ಳಿ. ಎರಡು ಜೆಲ್‌ಗಾಗಿ ಆದರೆ ಬೇಡ. ಬಿಎಲ್21(ಡಿಇ3) ಅನ್ನುವ ಇ-ಕೋಲೈ ತಳಿಯಲ್ಲಿ ಪೂರ್ತಿ ಉದ್ದದ ಪಿ53ಯನ್ನು 37 ಡಿಗ್ರಿಯಲ್ಲಿ ಬೆಳೆಸಿದರೆ ಬಹುಪಾಲು ಮುದ್ದೆಯಾಗಿ ತಳ ಸೇರುತ್ತದೆ. ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) 0.6ಕ್ಕೆ ಬಂದಾಗ ತಣ್ಣಗೆ ಮಾಡಿ, 18 ಡಿಗ್ರಿಗೆ ಇಳಿಸಿ, ಪ್ರೋಟೀನ್ ಮಾಡಲು ಶುರು ಮಾಡಿಸುವ ಐಪಿಟಿಜಿ ಸ್ವಲ್ಪವೇ, 50ರಿಂದ 100 ಮೈಕ್ರೋಮೋಲಾರ್ ಝಿಂಕ್ ಮೀಡಿಯಾಗೆ ಹಾಕಿ ರಾತ್ರಿಯಿಡೀ ಬಿಡಿ. ಪ್ರೋಟಿಯೇಸ್ ತಡೆಯುವ ಮಾತ್ರೆ ಕೊಳ್ಳುವಾಗ ಇಡಿಟಿಎ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ, ಸ್ಟೋರ್‌ನಲ್ಲಿ ಎರಡೂ ಡಬ್ಬಿ ಪಕ್ಕಪಕ್ಕದಲ್ಲಿರುತ್ತವೆ. ಆ ಒಂದು ಡಬ್ಬಿಯಿಂದ ನಾನು ಎರಡು ಲೀಟರ್ ಕಲ್ಚರ್ ಹಾಳು ಮಾಡಿಕೊಂಡಿದ್ದೇನೆ. ನಿಕಲ್ ಕಾಲಮ್ ಆದ ಮೇಲೆ ಹೆಪಾರಿನ್ ಕಾಲಮ್ ಬಿಡಬೇಡಿ. ಹೆಪಾರಿನ್ ಮೈತುಂಬಾ ಋಣ ಚಾರ್ಜ್, ಡಿಎನ್‌ಎಯಂತೆಯೇ ಕಾಣುತ್ತದೆ, ಪಿ53 ಹೋಗಿ ಹಿಡಿದುಕೊಳ್ಳುತ್ತದೆ, ಅಂಟಿಕೊಂಡು ಬಂದ ಬ್ಯಾಕ್ಟೀರಿಯಾದ ಡಿಎನ್‌ಎ, ಆರ್‌ಎನ್‌ಎ ಅಲ್ಲೇ ಬಿಟ್ಟುಹೋಗುತ್ತದೆ. 260/280 ಅನುಪಾತ (ಆ ಎರಡು ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವ ಪ್ರಮಾಣದ ಹೋಲಿಕೆ) ನೋಡಿ. ಶುದ್ಧ ಪ್ರೋಟೀನ್ ಅಂದರೆ 0.6ರ ಹತ್ತಿರ. 1ಕ್ಕಿಂತ ಮೇಲಿದ್ದರೆ ನಿಮ್ಮ ಪಿ53 ಆಗಲೇ ಬೇರೆಯವರ ಡಿಎನ್‌ಎ ಹಿಡಿದು ಕೂತಿದೆ, ನಿಮ್ಮ ಪ್ರೋಬ್‌ಗೆ ಜಾಗವಿಲ್ಲ. ಕೊಂಡ ಪ್ರೋಟೀನ್‌ಗೂ ಇದನ್ನು ನೋಡಬಹುದು, ಒಂದು ಮೈಕ್ರೋಲೀಟರ್ ಸಾಕು. ಜಿಎಸ್‌ಟಿ ಟ್ಯಾಗ್ ಇಟ್ಟುಕೊಂಡೇ ಕೆಲಸ ಮಾಡಬೇಡಿ. ಜಿಎಸ್‌ಟಿ ತಾನೇ ಎರಡೆರಡು ಜೋಡಿಯಾಗುತ್ತದೆ, ನಾಲ್ಕರ ಲೆಕ್ಕ ಕಲಸುಮೇಲೋಗರ.

ಡಿಎನ್‌ಎ ಹಿಡಿಯುವುದನ್ನು ನೋಡುವುದಷ್ಟೇ ನಿಮ್ಮ ಕೆಲಸ ಅಂತಿದ್ದರೆ ಇನ್ನೂ ಒಂದು ದಾರಿ ಇದೆ. ಕೇಂಬ್ರಿಜ್‌ನಲ್ಲಿ ಅಲನ್ ಫರ್ಷ್ಟ್ ಅವರ ಲ್ಯಾಬ್ ನಾಲ್ಕು ಕಡೆ ಬದಲಾಯಿಸಿದ ಪಿ53 ಮಾಡಿತ್ತು. 133, 203, 239, 268. ಡಿಎನ್‌ಎ ಹಿಡಿತ ಹಾಗೇ ಉಳಿದು ಪ್ರೋಟೀನ್ ಗಟ್ಟಿಯಾಗುತ್ತದೆ. ರಚನೆ ನೋಡುವವರು ಅದನ್ನೇ ಬಳಸುತ್ತಾರೆ. ಪೂರ್ತಿ ಪಿ53ರ ಸಹಜ ನಡವಳಿಕೆ ಬೇಕು ಅಂದರೆ ಮಾತ್ರ ಸಹಜವಾದದ್ದರ ಜೊತೆ ಗುದ್ದಾಡಿ.

ಕೊನೆಗೆ ಜೀವಕೋಶದ ಮಾತು. ಮೀಡಿಯಾದಲ್ಲಿ ಪಿ53 ಸುರಿದರೆ ಅದು ಒಳಗೆ ಹೋಗುವುದಿಲ್ಲ. ಇಷ್ಟು ದೊಡ್ಡ ಪ್ರೋಟೀನ್ ಸುಮ್ನೆ ಪೊರೆ ದಾಟಲಾರದು. 2009ರಲ್ಲಿ ಆರ್ಜಿನಿನ್‌ಗಳ ಬಾಲ ಕಟ್ಟಿದ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳನ್ನು ಕೊಟ್ಟು ಇಲಿಯ ಕೋಶಗಳನ್ನು ಕಾಂಡಕೋಶದಂತೆ ಮಾಡಿದ್ದು ನಿಜ, ಆದರೆ ಅವನ್ನು ಅದಕ್ಕಾಗಿಯೇ ಕಟ್ಟಿದ್ದರು. ನಿಮ್ಮದರಲ್ಲಿ ಆ ಬಾಲ ಇಲ್ಲ. ಮೇಲಾಗಿ ಇ-ಕೋಲೈನಿಂದ ಬಂದ ಎಂಡೋಟಾಕ್ಸಿನ್ ಇರುತ್ತದೆ. ಕೋಶ ಸಾಯಲು ಶುರುವಾದರೆ ಪಿ53 ಕೊಂದಿತೋ ಎಂಡೋಟಾಕ್ಸಿನ್ ಕೊಂದಿತೋ ಯಾರಿಗೆ ಗೊತ್ತು? ಕೋಶದಲ್ಲಿ ನೋಡಬೇಕಿದ್ದರೆ ಪ್ಲಾಸ್ಮಿಡ್ ಹಾಕಿ, ಎಚ್1299 ಅಥವಾ ಸಾವೋಸ್-2 ಕೋಶದಲ್ಲಿ. ಇವೆರಡರಲ್ಲೂ ತಮ್ಮದೇ ಪಿ53 ಇಲ್ಲ. ಹೀಲಾ ಬೇಡ, ಅದರಲ್ಲಿ ಪ್ಯಾಪಿಲೋಮಾ ವೈರಸ್‌ನ ಇ6 ಪಿ53ಯನ್ನು ಒಡೆಸುತ್ತಾ ಕೂತಿರುತ್ತದೆ.

ಮಾರಿದವರಿಗೆ ಬರೆಯುವ ಮುಂಚೆ ಆ ಸ್ಪಿನ್ ಮಾಡಿದ ಜೆಲ್, 260/280, ಐಸ್ ಮೇಲೆ ಇಡಿಟಿಎ ಇಲ್ಲದೆ ಮಾಡಿದ ಶಿಫ್ಟ್, ಈ ಮೂರರ ಚಿತ್ರ ಕೈಯಲ್ಲಿರಲಿ. ಟ್ಯೂಬ್ ಬಂದಾಗ ಡಬ್ಬಿಯಲ್ಲಿ ಡ್ರೈ ಐಸ್ ಉಳಿದಿತ್ತಾ ಅನ್ನುವುದನ್ನೂ ಬರೆಯಿರಿ. ಶುಕ್ರವಾರ ಬಂದ ಪಾರ್ಸೆಲ್ ಸೋಮವಾರದವರೆಗೆ ಆಫೀಸಿನ ಮೇಜಿನ ಮೇಲೆ ಕೂತಿತ್ತಾ ಅಂತ ಮೊದಲು ನಿಮ್ಮ ಆಫೀಸಿನಲ್ಲೇ ವಿಚಾರಿಸಿ. ನಮ್ಮಲ್ಲಿ ಒಮ್ಮೆ ಹಾಗಾಗಿತ್ತು, ನಾವು ಎರಡು ತಿಂಗಳು ಮಾರಿದವರ ಜೊತೆ ಜಗಳವಾಡಿದ ಮೇಲೆ ರಿಜಿಸ್ಟರ್ ನೋಡಿದಾಗ ಗೊತ್ತಾಯಿತು.